ಹ್ಯಾಂಕ್ ವಿಲಿಯಮ್ಸ್ ಹಾಡುಗಳ ಹಿಂದೆ ಅಳುವ ಆ ವಾದ್ಯ ನುಡಿಸಿದ್ದು ಯಾರು?

ಸುಮಾ ಬಸವನಗುಡಿ:
ಎಲ್ಲರಿಗೂ ನಮಸ್ಕಾರ. ಈಚೆಗೆ ಹಳೇ ಅಮೆರಿಕನ್ ಕಂಟ್ರಿ ಹಾಡುಗಳ, ಅಂದರೆ ಅಲ್ಲಿನ ಹಳ್ಳಿಗಾಡಿನ ಧಾಟಿಯ ಹಾಡುಗಳ, ಹುಚ್ಚು ಹಿಡಿದಿದೆ. ಅದರಲ್ಲೂ ಹ್ಯಾಂಕ್ ವಿಲಿಯಮ್ಸ್. ‘ಯುವರ್ ಚೀಟಿನ್ ಹಾರ್ಟ್’ ಕೇಳಿದ್ದೀರಲ್ವಾ? ಅವರು ಬಾಯಿ ತೆಗೆಯುವ ಮೊದಲೇ ಒಂದು ವಾದ್ಯ ಮೇಲಿನ ಸ್ಥಾಯಿಯಲ್ಲಿ ಜಾರಿಕೊಂಡು ಬರುತ್ತೆ. ಪಿಟೀಲು ಬೇರೆ ಇದೆ, ಇದು ಅದಲ್ಲ. ಒಂದೊಂದು ಸಾಲು ಮುಗಿದಾಗಲೂ ಇದು ಬಂದು ಏನೋ ಹೇಳಿ ಹೋಗುತ್ತೆ. ಆಮೇಲೆ ಪ್ಯಾಟ್ಸಿ ಕ್ಲೈನ್ ಅವರ ‘ವಾಕಿನ್ ಆಫ್ಟರ್ ಮಿಡ್‌ನೈಟ್’ ಹಾಕಿದೆ. ಅಲ್ಲೂ ಅದೇ ಕೈ ಅನ್ನಿಸಿತು. ಆಪ್‌ನಲ್ಲಿ ನೋಡಿದರೆ ಹಾಡಿದವರ ಹೆಸರು, ಬರೆದವರ ಹೆಸರು ಅಷ್ಟೇ. ನುಡಿಸಿದವರ ಸುದ್ದಿಯೇ ಇಲ್ಲ. ಇವರು ಯಾರು? ಎರಡೂ ಹಾಡಲ್ಲಿ ಒಬ್ಬರೇನಾ, ಅಥವಾ ನನ್ನ ಕಿವಿಯ ಭ್ರಮೆಯಾ?

ರೇಡಿಯೋ ರಾಯರು:
ಭ್ರಮೆ ಅಲ್ಲ ಮೇಡಂ, ನಿಮ್ಮ ಕಿವಿ ಚೆನ್ನಾಗಿದೆ. ಎರಡರಲ್ಲೂ ನುಡಿಸಿರುವುದು ಡಾನ್ ಹೆಲ್ಮ್ಸ್. ವಾದ್ಯ ಸ್ಟೀಲ್ ಗಿಟಾರ್. ಹೆಲ್ಮ್ಸ್ 1927ರಲ್ಲಿ ಅಲಬಾಮಾದ ನ್ಯೂ ಬ್ರಾಕ್ಟನ್‌ನಲ್ಲಿ ಹುಟ್ಟಿದವರು. ಹ್ಯಾಂಕ್ ಅವರ ತಂಡ ಡ್ರಿಫ್ಟಿಂಗ್ ಕೌಬಾಯ್ಸ್‌ನಲ್ಲಿ ಹದಿಹರೆಯದಲ್ಲೇ ಸೇರಿಕೊಂಡವರು. ಹ್ಯಾಂಕ್ ಅವರ ನೂರಕ್ಕೂ ಜಾಸ್ತಿ ಹಾಡುಗಳಲ್ಲಿ ಅವರ ಕೈ ಇದೆ.

‘ಯುವರ್ ಚೀಟಿನ್ ಹಾರ್ಟ್’ ರೆಕಾರ್ಡ್ ಆಗಿದ್ದು 1952ರ ಸೆಪ್ಟೆಂಬರ್ 23ರಂದು, ಕಂಟ್ರಿ ಸಂಗೀತದ ತವರಾದ ನ್ಯಾಶ್‌ವಿಲ್‌ನ ಟುಲೇನ್ ಹೋಟೆಲ್‌ನಲ್ಲಿದ್ದ ಕ್ಯಾಸಲ್ ಸ್ಟುಡಿಯೋದಲ್ಲಿ. ಅದೇ ಹ್ಯಾಂಕ್ ಅವರ ಕೊನೆಯ ರೆಕಾರ್ಡಿಂಗ್ ಸೆಷನ್. 1953ರ ಜನವರಿ 1ರಂದು ಅವರು ತೀರಿಕೊಂಡರು, ಹಾಡು ಆಮೇಲೆ ಬಿಡುಗಡೆಯಾಯಿತು. ಆಗ ಅವರಿಗೆ ಬರೀ 29.

ನಿರ್ಮಾಪಕ ಫ್ರೆಡ್ ರೋಸ್ ಅವರು ಹೆಲ್ಮ್ಸ್‌ಗೆ ಮೇಲಿನ ಸ್ಥಾಯಿ ಬಿಟ್ಟು ಕೆಳಗೆ ಇಳಿಯಬೇಡ ಅನ್ನುತ್ತಿದ್ದರಂತೆ. ಆ ಕಾಲದ ಕಾಸು ಹಾಕಿದರೆ ಹಾಡುವ ಜ್ಯೂಕ್‌ಬಾಕ್ಸು, ಕಾರಿನ ರೇಡಿಯೋಗಳಲ್ಲಿ ಮಂದ್ರದ್ದೆಲ್ಲ ಮುದ್ದೆಯಾಗಿ ಕೇಳುತ್ತಿತ್ತು. ತಾರಸ್ಥಾಯಿಯ ಚೂಪು ನಾದ ಮಾತ್ರ ಗದ್ದಲ ಸೀಳಿಕೊಂಡು ಹೊರಗೆ ಬರುತ್ತಿತ್ತು. ಹ್ಯಾಂಕ್ ಅವರ ಕಂಠ ನಡುವೆ, ಹೆಲ್ಮ್ಸ್ ಮೇಲೆ. ಒಬ್ಬರ ಜಾಗಕ್ಕೆ ಇನ್ನೊಬ್ಬರು ಕಾಲಿಡುವುದಿಲ್ಲ. ಈ ಒಂದು ವಿಷಯ ಗಮನಿಸಿ ಇನ್ನೊಮ್ಮೆ ಕೇಳಿ.

ಹುಬ್ಬಳ್ಳಿ ಹೈದ:
ರಾಯರೇ, ಅದು ಪೆಡಲ್ ಸ್ಟೀಲ್ ಅಲ್ವಾ? ಸ್ಟೀಲ್ ಗಿಟಾರ್, ಲ್ಯಾಪ್ ಸ್ಟೀಲ್, ಡೋಬ್ರೋ ಅಂತ ಏನೇನೋ ಹೇಳುತ್ತಾರೆ. ಎಲ್ಲ ಒಂದೇನಾ? ಯಾರಾದರೂ ಬಿಡಿಸಿ ಹೇಳಿ ಗುರು.

ತಂತಿ ತಿಮ್ಮಯ್ಯ:
ನಾನು ಲ್ಯಾಪ್ ಸ್ಟೀಲ್ ನುಡಿಸುತ್ತೇನೆ, ಸುಮಾರಾಗಿ. ಹೇಳುತ್ತೇನೆ ಕೇಳಿ.

ಇಲ್ಲಿ ‘ಸ್ಟೀಲ್’ ಅಂದರೆ ಗಿಟಾರ್ ಉಕ್ಕಿನದು ಅಂತ ಅಲ್ಲ. ಎಡಗೈಯಲ್ಲಿ ಹಿಡಿಯುವ ಉಕ್ಕಿನ ತುಂಡು ಇದೆಯಲ್ಲ, ಬಾರ್, ಅದರಿಂದ ಬಂದ ಹೆಸರು. ವಾದ್ಯವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಳ್ಳಬೇಕು. ತಂತಿಯನ್ನು ಬೆರಳಿಂದ ಒತ್ತುವುದಿಲ್ಲ, ಬಾರ್ ಅದರ ಮೇಲೆ ತೇಲುತ್ತೆ. ಮೆಟ್ಟಿಲುಗಳ (ಫ್ರೆಟ್) ಜಾಗದಲ್ಲಿ ಸುಮ್ನೆ ಗೆರೆಗಳಿರುತ್ತವೆ, ಕಣ್ಣಿನ ಗುರುತಿಗೆ. ಶ್ರುತಿಯ ಜವಾಬ್ದಾರಿ ಪೂರ್ತಿ ಕಿವಿ ಮತ್ತು ಮಣಿಕಟ್ಟಿನದು. ಒಂದು ಕೂದಲೆಳೆ ಆಚೀಚೆ ಆದರೂ ಅಪಶ್ರುತಿ. ಬಲಗೈಯಲ್ಲಿ ಹೆಬ್ಬೆರಳಿಗೊಂದು, ಎರಡು ಬೆರಳಿಗೆ ಎರಡು, ತಂತಿ ಮೀಟಲು ಒಟ್ಟು ಮೂರು ಪಿಕ್.

ಇದಕ್ಕೆ ತಂತಿಯ ಕಂಪನ ಹಿಡಿಯುವ ಪಿಕಪ್ ಹಾಕಿ ಕರೆಂಟು ಕೊಟ್ಟರೆ ಎಲೆಕ್ಟ್ರಿಕ್ ಲ್ಯಾಪ್ ಸ್ಟೀಲ್. ಕಾಲು ಜೋಡಿಸಿ, ಎರಡು ಮೂರು ಕುತ್ತಿಗೆ ಇಟ್ಟು, ಒಂದೊಂದನ್ನು ಒಂದೊಂದು ಶ್ರುತಿಗೆ ಕಟ್ಟಿದರೆ ಕನ್ಸೋಲ್. ಹೆಲ್ಮ್ಸ್ ನುಡಿಸುತ್ತಿದ್ದ ಗಿಬ್ಸನ್ ಕನ್ಸೋಲ್ ಗ್ರ್ಯಾಂಡ್ ಇಂಥದ್ದೇ. ಎರಡು ಕುತ್ತಿಗೆ, ಪೆಡಲ್ ಇಲ್ಲ. ಡೋಬ್ರೋ ಅಂದರೆ ಮರದ ಗಿಟಾರಿನ ಹೊಟ್ಟೆಯೊಳಗೆ ಅಲ್ಯೂಮಿನಿಯಂ ಕೋನ್ ಇಟ್ಟಿದ್ದು, ಕರೆಂಟಿಲ್ಲದೆ ಜೋರಾಗಿ ಕೇಳಲಿ ಅಂತ. ಡೋಪ್ಯೆರಾ ಅಣ್ಣತಮ್ಮಂದಿರು 1928ರಲ್ಲಿ ಶುರು ಮಾಡಿದ್ದು.

ಪೆಡಲ್ ಸ್ಟೀಲ್‌ನಲ್ಲಿ ಮಾತ್ರ ಕಾಲಿಗೂ ಕೆಲಸ. ಮಾಮೂಲಾಗಿ ಹತ್ತು ತಂತಿ, ಇ9 ಅನ್ನುವ ಶ್ರುತಿ. ಎಡಗಾಲು ಪೆಡಲ್ ಒತ್ತಿದರೆ ಕೆಳಗಿನ ಸರಳುಗಳು ಯಾವುದೋ ಒಂದೆರಡು ತಂತಿಯನ್ನು ಎಳೆದು ಶ್ರುತಿ ಏರಿಸುತ್ತವೆ. ಮೊಣಕಾಲಿಂದ ಪಕ್ಕಕ್ಕೆ ತಳ್ಳುವ ಲಿವರ್‌ಗಳು ಬೇರೆ. ಬಲಗಾಲು ವಾಲ್ಯೂಮ್ ಪೆಡಲ್ ಮೇಲೆ. ಮೀಟಿದ ಕೂಡಲೇ ಬರುವ ಟಕ್ ಅನ್ನೋ ಸದ್ದನ್ನು ಅಡಗಿಸಿ, ಆಮೇಲೆ ನಿಧಾನವಾಗಿ ದನಿ ತೆರೆಯುವುದು ಅದರ ಕೆಲಸ. ಎರಡು ಕೈ, ಎರಡು ಪಾದ, ಎರಡು ಮೊಣಕಾಲು, ಎಲ್ಲ ಒಟ್ಟಿಗೆ ಓಡಬೇಕು. ಅದಕ್ಕೇ ನಾನು ಲ್ಯಾಪ್ ಸ್ಟೀಲ್‌ಗೇ ನಿಂತಿದ್ದೀನಿ.

ಮೈಸೂರು ಶ್ರುತಿ:
ತಿಮ್ಮಯ್ಯನವರೇ, ಇದು ನಮ್ಮ ಗೋಟುವಾದ್ಯದ ದಾರಿಯೇ ಆಯ್ತಲ್ಲ! ಅಲ್ಲೂ ಮೆಟ್ಟಿಲಿಲ್ಲ, ಎಡಗೈಯಲ್ಲಿ ಒಂದು ಉರುಳೆ ಹಿಡಿದು ಜಾರಿಸುವುದು. ಉತ್ತರದ ಕಡೆ ವಿಚಿತ್ರವೀಣೆ ಬೇರೆ ಇದೆ. ಹವಾಯಿಯವರು ಇದನ್ನು ನಮ್ಮಿಂದಲೇ ಕಲಿತರು ಅಂತ ಎಲ್ಲೋ ಓದಿದ ನೆನಪು. ನಿಜವಾ?

ರೇಡಿಯೋ ರಾಯರು:
ಶ್ರುತಿ ಅವರೇ, ಅಂಥ ಒಂದು ಕಥೆ ಇದೆ. ಗೇಬ್ರಿಯಲ್ ಡೇವಿಯನ್ ಅಂತ ಒಬ್ಬ. ಭಾರತದಲ್ಲಿ ಹುಟ್ಟಿದವನು, ಹಡಗಿನ ಕಪ್ತಾನನೊಬ್ಬ ಅವನನ್ನು ಎತ್ತಿಕೊಂಡು ಹೋದ, ಕೊನೆಗೆ ಹೊನೊಲುಲು ಸೇರಿ 1880ರ ದಶಕದಲ್ಲಿ ಗಿಟಾರನ್ನು ಜಾರಿಸಿ ನುಡಿಸುತ್ತಿದ್ದ ಅಂತ ಹೇಳುತ್ತಾರೆ. ಆದರೆ ಅವನು ನಮ್ಮ ವಾದ್ಯಗಳನ್ನು ನೋಡಿದ್ದ, ಅದನ್ನೇ ಅಲ್ಲಿ ಕಲಿಸಿದ ಅನ್ನೋದಕ್ಕೆ ಪುರಾವೆ ಇಲ್ಲ. ಇಂಥದ್ದನ್ನೆಲ್ಲ ‘ನಮ್ಮದೇ’ ಅಂತ ಎಳೆದುಕೊಳ್ಳುವ ಚಟ ನಮಗೆ ಜಾಸ್ತಿ. ಈ ಶೈಲಿಯನ್ನು ತಿದ್ದಿ ತೀಡಿ ಊರೂರಿಗೆ ಒಯ್ದವರು ಓಆಹು ದ್ವೀಪದ ಜೋಸೆಫ್ ಕೆಕುಕು. ಹವಾಯಿಯವರ ಹೆಸರು ಅವರಿಗೇ ಇರಲಿ.

ಅಲ್ಲಿಂದ ಕಂಟ್ರಿ ಹಾಡಿಗೆ ಬಂದ ದಾರಿ ನೇರವಾಗೇ ಇದೆ. 20ನೇ ಶತಮಾನದ ಮೊದಲ ಎರಡು ಮೂರು ದಶಕ ಅಮೆರಿಕದಲ್ಲಿ ಹವಾಯಿ ಸಂಗೀತದ ಭರಾಟೆ. ಜಿಮ್ಮಿ ರಾಡ್ಜರ್ಸ್ 1928ರಲ್ಲೇ ಎಲ್ಸ್‌ವರ್ತ್ ಕಜನ್ಸ್ ಅವರ ಸ್ಟೀಲ್ ಇಟ್ಟುಕೊಂಡು ಹಾಡಿದರು. ಮರುವರ್ಷ ಜೋ ಕೈಪೋ ಬಂದರು. 1935ರ ಜನವರಿಯಲ್ಲಿ ಮಿಲ್ಟನ್ ಬ್ರೌನ್ ತಂಡದ ಬಾಬ್ ಡನ್ ಶಿಕಾಗೋದಲ್ಲಿ ಕರೆಂಟು ಜೋಡಿಸಿದ ಸ್ಟೀಲ್ ನುಡಿಸಿದರು. ಕಂಟ್ರಿ ರೆಕಾರ್ಡಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಕೇಳಿಸಿದ್ದು ಅದೇ ಮೊದಲು. ಆ ಡನ್ ನುಡಿಸಿದ್ದು ಕೇಳಿದರೆ ಹವಾಯಿ ನೆನಪೇ ಆಗಲ್ಲ, ಯಾವನೋ ಜಾಜ್ ಟ್ರಂಬೋನ್ ಊದಿದ ಹಾಗಿರುತ್ತೆ.

1936ರಲ್ಲಿ ಬಾಬ್ ವಿಲ್ಸ್ ತಂಡದ ಲಿಯಾನ್ ಮೆಕಾಲಿಫ್ ‘ಸ್ಟೀಲ್ ಗಿಟಾರ್ ರ‍್ಯಾಗ್’ ನುಡಿಸಿದರು. ಆಗ ಅವರಿಗೆ 19. ಆ ಧಾಟಿಯ ಮೂಲ ಲೂಯಿವಿಲ್‌ನ ಕಪ್ಪು ಜನಾಂಗದ ಗಿಟಾರ್ ವಾದಕ ಸಿಲ್ವೆಸ್ಟರ್ ವೀವರ್ 1923ರಲ್ಲಿ ರೆಕಾರ್ಡ್ ಮಾಡಿದ ‘ಗಿಟಾರ್ ರ‍್ಯಾಗ್’. ಇದನ್ನು ಜನ ಮರೆಯುತ್ತಾರೆ, ಅದಕ್ಕೇ ಹೇಳಿದೆ.

ಆಸ್ಟಿನ್ ಅಮೋಘ:
ರಾಯರೇ, ಒಂದು ಸೇರಿಸಲಾ? ಹ್ಯಾಂಕ್ ವಿಲಿಯಮ್ಸ್ ಅಂದ ಕೂಡಲೇ ಎಲ್ಲವೂ ಹೆಲ್ಮ್ಸ್ ಅಲ್ಲ. ಅವರನ್ನು ದೊಡ್ಡ ಹೆಸರು ಮಾಡಿದ ‘ಲವ್‌ಸಿಕ್ ಬ್ಲೂಸ್’ ಇದೆಯಲ್ಲ, ಅದರಲ್ಲಿ ಸ್ಟೀಲ್ ನುಡಿಸಿದ್ದು ಜೆರ‍್ರಿ ಬರ್ಡ್. 1948ರ ಡಿಸೆಂಬರ್‌ನಲ್ಲಿ ಸಿನ್ಸಿನಾಟಿಯ ಹರ್ಜಾಗ್ ಸ್ಟುಡಿಯೋದಲ್ಲಿ. ಮರುವರ್ಷ ಅದೇ ಸ್ಟುಡಿಯೋದಲ್ಲಿ ಆದ ‘ಐ ಆಮ್ ಸೋ ಲೋನ್‌ಸಮ್ ಐ ಕುಡ್ ಕ್ರೈ’ ಕೂಡ ಬರ್ಡ್ ಅವರದೇ.

ಇಬ್ಬರನ್ನೂ ಒಂದರ ಹಿಂದೆ ಒಂದು ಕೇಳಿ. ಬರ್ಡ್ ಅವರ ನಾದ ದುಂಡಗೆ, ಎಣ್ಣೆ ಹಚ್ಚಿದ ಹಾಗೆ. ಅವರ ಬಾರ್ ಎಲ್ಲಿ ಹೊರಟಿತು, ಎಲ್ಲಿ ನಿಂತಿತು ಅಂತಲೇ ತಿಳಿಯುವುದಿಲ್ಲ. ಹೆಲ್ಮ್ಸ್‌ದು ಚೂಪು. ಬರ್ಡ್ ಓಹಾಯೋದವರು, ಆದರೆ ಜೀವ ಪೂರ್ತಿ ಹವಾಯಿಯ ಮೇಲೆ. ಎಲ್ಲರೂ ಪೆಡಲ್ ಕಡೆ ಓಡಿದರೂ ಅವರು ಹೋಗಲಿಲ್ಲ. 1970ರ ದಶಕದಲ್ಲಿ ನ್ಯಾಶ್‌ವಿಲ್ ಬಿಟ್ಟು ಹವಾಯಿಗೇ ಹೋಗಿ ನೆಲೆಸಿದರು. ಅಲ್ಲಿನ ಹುಡುಗರಿಗೆ ಅವರದೇ ವಾದ್ಯವನ್ನು ಕಲಿಸಿದರು. 2005ರಲ್ಲಿ ಅಲ್ಲೇ ತೀರಿಕೊಂಡರು.

ಹುಬ್ಬಳ್ಳಿ ಹೈದ:
ಸರಿ, ಹಾಗಾದರೆ ಈ ಪೆಡಲ್ ಹುಚ್ಚು ಶುರು ಮಾಡಿದ್ದು ಯಾರು?

ತಂತಿ ತಿಮ್ಮಯ್ಯ:
ಬಡ್ ಐಸಾಕ್ಸ್. ಹಾಡು ವೆಬ್ ಪಿಯರ್ಸ್ ಅವರ ‘ಸ್ಲೋಲಿ’. 1953ರ ಕೊನೆಯಲ್ಲಿ ರೆಕಾರ್ಡ್ ಆಗಿ 1954ರಲ್ಲಿ ಬಂತು. ಕಂಟ್ರಿ ಹಾಡುಗಳ ಪಟ್ಟಿಯಲ್ಲಿ 17 ವಾರ ಒಂದನೇ ಸ್ಥಾನ.

ದಯವಿಟ್ಟು ಹೆಡ್‌ಫೋನ್ ಹಾಕಿಕೊಂಡು ಅದರ ಮೊದಲ ಕೆಲವು ಸೆಕೆಂಡು ಕೇಳಿ. ಒಂದು ಸ್ವರಗುಚ್ಛ (ಕಾರ್ಡ್) ಮೀಟುತ್ತಾರೆ. ಅದು ಇನ್ನೂ ಮೊಳಗುತ್ತಿರುವಾಗಲೇ ಪೆಡಲ್ ಒತ್ತುತ್ತಾರೆ. ಒಂದು ತಂತಿ ಇದ್ದಲ್ಲೇ ಇರುತ್ತೆ, ಪಕ್ಕದ ಎರಡು ಮೇಲಕ್ಕೆ ಏರುತ್ತವೆ. ಬರೀ ಬಾರ್‌ನಲ್ಲಿ ಇದು ಆಗುವ ಕೆಲಸವಲ್ಲ. ಬಾರ್ ಜಾರಿಸಿದರೆ ಎಲ್ಲ ತಂತಿಯೂ ಒಟ್ಟಿಗೆ ಜಾರುತ್ತವೆ. ಓರೆ ಹಿಡಿದು ಸ್ವಲ್ಪ ಮೋಸ ಮಾಡಬಹುದು, ಆದರೆ ಇಷ್ಟು ಸಲೀಸಾಗಿ ಬರಲ್ಲ. ಒಂದು ನಿಂತು ಇನ್ನೊಂದು ಚಲಿಸುತ್ತಲ್ಲ, ಆ ನೋವಿನ ಎಳೆತ ಬರುವುದು ಅಲ್ಲಿಂದ.

ಪೆಡಲ್ ಇದ್ದ ವಾದ್ಯಗಳು ಮೊದಲೂ ಇದ್ದವು. ಶ್ರುತಿ ಬದಲಿಸಿಕೊಳ್ಳುವುದಕ್ಕೆ ಅಂತ ಬಳಸುತ್ತಿದ್ದರು. ಸ್ವರ ಕೇಳುತ್ತಿರುವಾಗಲೇ ಅದನ್ನು ಬಗ್ಗಿಸಿ, ಅದನ್ನೇ ಹಾಡಿನ ಮುಖ ಮಾಡಿದ್ದು ಐಸಾಕ್ಸ್. ರೇಡಿಯೋದಲ್ಲಿ ಕೇಳಿದ ಬೇರೆ ಸ್ಟೀಲ್ ವಾದಕರಿಗೆ ತಲೆ ಕೆಟ್ಟುಹೋಯಿತು. ಇದ್ದಬದ್ದ ಕಬ್ಬಿಣದ ಸರಳು, ಹಳೇ ಕಾರಿನ ಬಿಡಿಭಾಗ ಎಲ್ಲ ತಂದು ತಮ್ಮ ವಾದ್ಯಕ್ಕೆ ತಾವೇ ಪೆಡಲ್ ಕಟ್ಟಿಕೊಂಡವರ ಕಥೆಗಳು ಬೇಕಾದಷ್ಟಿವೆ.

ಆಸ್ಟಿನ್ ಅಮೋಘ:
ಸ್ಪೀಡಿ ವೆಸ್ಟ್ ಅವರನ್ನು ಬಿಟ್ಟುಬಿಟ್ಟಿರಲ್ಲ ತಿಮ್ಮಯ್ಯನವರೇ! ಕ್ಯಾಲಿಫೋರ್ನಿಯಾದ ಪಾಲ್ ಬಿಗ್ಸ್‌ಬಿ ಅವರಿಂದ 1948ರಲ್ಲೇ ಪೆಡಲ್ ಸ್ಟೀಲ್ ಮಾಡಿಸಿಕೊಂಡವರು. ಟೆನೆಸ್ಸಿ ಅರ್ನಿ ಫೋರ್ಡ್ ಮತ್ತು ಕೇ ಸ್ಟಾರ್ ಅವರ ‘ಐಲ್ ನೆವರ್ ಬಿ ಫ್ರೀ’ 1950ರದ್ದು. ಅದರಲ್ಲಿ ವೆಸ್ಟ್ ಪೆಡಲ್ ಇದೆ. ‘ಸ್ಲೋಲಿ’ಗಿಂತ ಎಷ್ಟು ಮುಂಚೆ ನೋಡಿ. ಜಿಮ್ಮಿ ಬ್ರಯಂಟ್ ಗಿಟಾರ್ ಜೊತೆ ಅವರು ನುಡಿಸಿದ್ದನ್ನು ಕೇಳಿದರೆ, ಬಾರ್ ಬೀಳಿಸುತ್ತಾ, ತಂತಿ ಮೇಲೆ ಕುಟ್ಟುತ್ತಾ, ಪಟಾಕಿ ಅಂಗಡಿಗೆ ಬೆಂಕಿ ಬಿದ್ದ ಹಾಗೆ!

ತಂತಿ ತಿಮ್ಮಯ್ಯ:
ಒಪ್ಪಿದೆ, ಪೆಡಲ್ ವೆಸ್ಟ್ ಅವರದು ಮೊದಲು. ಆದರೆ ಇವತ್ತು ಕಂಟ್ರಿ ಹಾಡಲ್ಲಿ ಪೆಡಲ್ ಸ್ಟೀಲ್ ಅಂದರೆ ಕಿವಿಗೆ ಬರುವ ಆ ಒಂದು ನುಡಿ ಐಸಾಕ್ಸ್ ಅವರದು. ವೆಸ್ಟ್ ಶೈಲಿ ವೆಸ್ಟ್ ಜೊತೆಗೇ ಹೋಯಿತು, ಯಾರಿಗೂ ಎತ್ತಲಿಕ್ಕಾಗಲಿಲ್ಲ.

ಹುಬ್ಬಳ್ಳಿ ಹೈದ:
ನೀವೆಲ್ಲ ಏನೇ ಹೇಳಿ, ಪೆಡಲ್ ಸ್ಟೀಲ್ ನುಡಿಸುವುದರಲ್ಲಿ ಬಡ್ಡಿ ಎಮ್ಮನ್ಸ್ ಮುಂದೆ ಉಳಿದವರೆಲ್ಲ ಮಕ್ಕಳು. ಯೂಟ್ಯೂಬ್‌ನಲ್ಲಿ ನೋಡಿ ದಂಗಾಗಿದ್ದೀನಿ. ಹೆಲ್ಮ್ಸ್ ನುಡಿಸಿದ್ದು ನಾಲ್ಕು ಸ್ವರ. ಎಮ್ಮನ್ಸ್ ಎಲ್ಲಿ, ಹೆಲ್ಮ್ಸ್ ಎಲ್ಲಿ?

ರೇಡಿಯೋ ರಾಯರು:
ಶುರುವಾಯ್ತು! ತಮ್ಮಾ, ನಾಲ್ಕು ಸ್ವರ ಅಂತ ಹೇಳಿದೆಯಲ್ಲ, ಆ ನಾಲ್ಕನ್ನು 70 ವರ್ಷದಿಂದ ಜನ ಗುನುಗುತ್ತಿದ್ದಾರೆ. ಎಮ್ಮನ್ಸ್ ನುಡಿಸಿದ ಒಂದು ಸಾಲನ್ನು ನೀನು ಈಗ ಬಾಯಲ್ಲಿ ಹೇಳು ನೋಡೋಣ. ಕಛೇರಿಯಲ್ಲಿ ಒಳ್ಳೆ ಪಕ್ಕವಾದ್ಯದವರು ಮುಖ್ಯ ಗಾಯಕರು ಬಿಟ್ಟ ಜಾಗದಲ್ಲಿ ಮಾತ್ರ ಬರುತ್ತಾರೆ. ಸ್ಟೀಲ್‌ನವರ ಕೆಲಸವೂ ಅದೇ. ತನಿ ಆವರ್ತನ ಬೇರೆ ವಿಷಯ.

ಆಸ್ಟಿನ್ ಅಮೋಘ:
ರಾಯರೇ, ಎಮ್ಮನ್ಸ್ ಅವರನ್ನು ಬರೀ ವೇಗದವರು ಅಂದರೆ ನಾನು ಒಪ್ಪಲ್ಲ. ಇಂಡಿಯಾನಾದ ಮಿಶವಾಕಾ ಊರಿನ ಹುಡುಗ. ಡೆಟ್ರಾಯಿಟ್‌ನಲ್ಲಿ ಲಿಟಲ್ ಜಿಮ್ಮಿ ಡಿಕನ್ಸ್ ತಂಡದ ವಾಲ್ಟರ್ ಹೇನ್ಸ್ ಬದಲಿಗೆ ಒಂದು ಕಾರ್ಯಕ್ರಮಕ್ಕೆ ಕೂತರು. ಡಿಕನ್ಸ್ ಕೆಲಸಕ್ಕೇ ಕರೆದುಬಿಟ್ಟರು. 1955, ಆಗ ವಯಸ್ಸು 18. ಎರಡು ವರ್ಷದಲ್ಲಿ ಶಾಟ್ ಜಾಕ್ಸನ್ ಜೊತೆ ಸೇರಿ ಶೋ-ಬಡ್ ಅಂತ ಪೆಡಲ್ ಸ್ಟೀಲ್ ಮಾಡುವ ಕಂಪನಿಯನ್ನೇ ಕಟ್ಟಿದರು.

ಅವರು ಮಾಡಿದ ದೊಡ್ಡ ಕೆಲಸ ಕಣ್ಣಿಗೆ ಕಾಣಲ್ಲ. ಐಸಾಕ್ಸ್ ಅವರ ಒಂದೇ ಪೆಡಲ್ ಎರಡು ಬದಲಾವಣೆಯನ್ನೂ ಒಟ್ಟಿಗೆ ಮಾಡುತ್ತಿತ್ತು. ಎಮ್ಮನ್ಸ್ ಅದನ್ನು ಒಡೆದು ಎರಡು ಪೆಡಲ್‌ಗೆ ಹಂಚಿದರು. ಈಗ ಬಿ ತಂತಿಯನ್ನು ಸಿ-ಶಾರ್ಪ್‌ಗೆ ಏರಿಸುವುದಕ್ಕೆ ಒಂದು, ಜಿ-ಶಾರ್ಪನ್ನು ಎ ಮಾಡುವುದಕ್ಕೆ ಇನ್ನೊಂದು. ಎರಡೂ ಒತ್ತಿದರೆ ಐಸಾಕ್ಸ್ ಬರುತ್ತಾರೆ, ಒಂದೊಂದೇ ಒತ್ತಿದರೆ ಹೊಸ ಬಾಗಿಲುಗಳು ತೆರೆಯುತ್ತವೆ. ಆಮೇಲೆ 1960ರ ದಶಕದ ಮೊದಲಲ್ಲಿ ಮೇಲ್ಗಡೆ ಎರಡು ತಂತಿ ಸೇರಿಸಿದರು. ಇವತ್ತಿಗೂ ಪೆಡಲ್ ಸ್ಟೀಲ್ ಕೊಂಡರೆ ಇ9 ಶ್ರುತಿಯಲ್ಲಿ ಇದೆಲ್ಲ ಕಟ್ಟಿಯೇ ಬರುತ್ತೆ.

ತಾಳ್ಮೆ ಕೇಳಬೇಕಾ? ರೇ ಪ್ರೈಸ್ ಅವರ ‘ನೈಟ್ ಲೈಫ್’ ಹಾಕಿ, 1963ರದ್ದು. ಶುರುವಿನಲ್ಲಿ ಬರುವ ಎಮ್ಮನ್ಸ್ ಅವರ ಬ್ಲೂಸ್ ಎಳೆತ ಕೇಳಿ, ಆಮೇಲೆ ಹೇಳಿ.

ರೇಡಿಯೋ ರಾಯರು:
‘ನೈಟ್ ಲೈಫ್’ ವಿಷಯದಲ್ಲಿ ತಕರಾರಿಲ್ಲ. ಆದರೂ ನನ್ನ ಮತ ಹೆಲ್ಮ್ಸ್‌ಗೇ.

ಸುಮಾ ಬಸವನಗುಡಿ:
ಜಗಳ ಚೆನ್ನಾಗಿದೆ, ಮುಂದುವರಿಸಿ. ರೇ ಪ್ರೈಸ್ ಅಂದಿರಿ, ಅವರ ‘ಕ್ರೇಜಿ ಆರ್ಮ್ಸ್’ ಕೂಡ ಎಮ್ಮನ್ಸಾ? ಒಂದು ಕಡೆ ರಾಲ್ಫ್ ಮೂನಿ ಅಂತ ಹೆಸರು ನೋಡಿದೆ.

ಆಸ್ಟಿನ್ ಅಮೋಘ:
ಸುಮಾ ಅವರೇ, ಮೂನಿ ಹೆಸರು ನೋಡಿದ್ದು ಸರಿ, ಆದರೆ ಅದು ಬರೆದವರ ಜಾಗದಲ್ಲಿ. ಚಕ್ ಸೀಲ್ಸ್ ಜೊತೆ ಸೇರಿ ಹಾಡು ಕಟ್ಟಿದ್ದು ಮೂನಿ. ಅವರ ಕುಡಿತಕ್ಕೆ ಬೇಸತ್ತು ಹೆಂಡತಿ ಮನೆ ಬಿಟ್ಟು ಹೋಗಿದ್ದಾಗ ಹುಟ್ಟಿದ ಹಾಡು ಅಂತಾರೆ. 1956ರ ರೇ ಪ್ರೈಸ್ ರೆಕಾರ್ಡಿನಲ್ಲಿ ಸ್ಟೀಲ್ ನುಡಿಸಿದ್ದು ಜಿಮ್ಮಿ ಡೇ. ಸ್ವತಃ ಸ್ಟೀಲ್ ವಾದಕ ಬರೆದ ಹಾಡು 20 ವಾರ ಒಂದನೇ ಸ್ಥಾನದಲ್ಲಿ ಕೂತರೆ, ಅದರಲ್ಲಿ ಸ್ಟೀಲ್ ಬೇರೆಯವರದು. ಹಣೆಬರಹ ನೋಡಿ!

ಮೂನಿಯ ಕೈ ಕೇಳಬೇಕಾದರೆ ಕ್ಯಾಲಿಫೋರ್ನಿಯಾ ಕಡೆ ಹೋಗಿ. ಬಕ್ ಓವನ್ಸ್ ಅವರ ‘ಅಂಡರ್ ಯುವರ್ ಸ್ಪೆಲ್ ಅಗೇನ್’ 1959, ಮರ್ಲ್ ಹ್ಯಾಗರ್ಡ್ ಅವರ ‘ಸ್ವಿಂಗಿಂಗ್ ಡೋರ್ಸ್’ 1966. ಆಮೇಲೆ 1970ರಿಂದ ಎರಡು ದಶಕ ವೇಲನ್ ಜೆನಿಂಗ್ಸ್ ಜೊತೆ. ‘ರೇನಿ ಡೇ ವುಮನ್’ ಅವರದೇ. ಅಳುವುದಕ್ಕಿಂತ ಕುಣಿಯುವ ಸ್ಟೀಲ್ ಅದು. ಪುಟಪುಟ ಅಂತ ಪುಟಿಯುತ್ತೆ. ಪೆಡಲನ್ನು ಮೆಲ್ಲಗೆ ಅದುಮುವ ಬದಲು ಒದ್ದ ಹಾಗೆ ಒತ್ತುತ್ತಾರೆ. ಒಮ್ಮೆ ಪರಿಚಯ ಆದರೆ ಕತ್ತಲಲ್ಲೂ ಗುರುತು ಹಿಡಿಯಬಹುದು.

ತಂತಿ ತಿಮ್ಮಯ್ಯ:
ಬಕ್ ಓವನ್ಸ್ ಮಾತು ಬಂತಲ್ಲ, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಹೇಳುತ್ತೇನೆ. ‘ಟುಗೆದರ್ ಅಗೇನ್’, 1964. ನುಡಿಸಿದವರು ಟಾಮ್ ಬ್ರಮ್ಲಿ. ಇವರ ತಂದೆ ಆಲ್ಬರ್ಟ್ ಬ್ರಮ್ಲಿ ಗಾಸ್ಪೆಲ್, ಅಂದರೆ ಕ್ರೈಸ್ತ ಭಕ್ತಿಗೀತೆಗಳ, ಹೆಸರಾಂತ ರಚನಕಾರರು, ‘ಐಲ್ ಫ್ಲೈ ಅವೇ’ ಬರೆದವರು.

ನಡುವೆ ಬರುವ ಸೋಲೋ ಕೇಳಿ. ಹಾಡು ಎಷ್ಟು ನಿಧಾನ ಅಂದರೆ ತಪ್ಪಿದರೆ ಬಚ್ಚಿಟ್ಟುಕೊಳ್ಳುವುದಕ್ಕೆ ಜಾಗವೇ ಇಲ್ಲ. ಬ್ರಮ್ಲಿ ಅವಸರ ಮಾಡುವುದಿಲ್ಲ. ಮೀಟುತ್ತಾರೆ, ವಾಲ್ಯೂಮ್ ಪೆಡಲ್ ನಿಧಾನವಾಗಿ ತೆರೆಯುತ್ತಾರೆ, ಸ್ವರ ಸೊರಗುವ ಹೊತ್ತಿಗೆ ಕಾಲಿನಿಂದ ಅದನ್ನು ಇನ್ನೂ ಸ್ವಲ್ಪ ಎತ್ತಿ ಹಿಡಿಯುತ್ತಾರೆ, ಆ ಎಳೆಯಲ್ಲೇ ಪೆಡಲ್ ಒತ್ತಿ ಮುಂದಿನ ಸ್ವರಕ್ಕೆ ದಾಟಿಸುತ್ತಾರೆ. ಎರಡನೇ ಸಲ ಮೀಟಿದ್ದೇ ಗೊತ್ತಾಗಲ್ಲ. ನಾನು ಲ್ಯಾಪ್ ಸ್ಟೀಲ್‌ನಲ್ಲಿ ಇದನ್ನು ಎತ್ತಲು ನೋಡಿ ಕೈಬಿಟ್ಟೆ. ಕಾಲಿನ ಕೆಲಸ ಕೈಗೆ ಬರಲ್ಲ.

ತಮಾಷೆ ಏನಂದರೆ ಇದು ರೆಕಾರ್ಡ್ ತಟ್ಟೆಯ ಹಿಂಬದಿ. ಮುಂಬದಿಯಲ್ಲಿ ‘ಮೈ ಹಾರ್ಟ್ ಸ್ಕಿಪ್ಸ್ ಎ ಬೀಟ್’. ಎರಡೂ ಒಂದನೇ ಸ್ಥಾನಕ್ಕೆ ಹೋದವು. ಹಿಂಬದಿಯೇ ಮುಂಬದಿಯನ್ನು ಕೆಳಗಿಳಿಸಿತು! ಗ್ರೇಟ್‌ಫುಲ್ ಡೆಡ್ ತಂಡದ ಜೆರ‍್ರಿ ಗಾರ್ಸಿಯಾ ಪೆಡಲ್ ಸ್ಟೀಲ್ ಹಿಡಿಯುವುದಕ್ಕೂ ಬ್ರಮ್ಲಿ ನುಡಿಸಿದ್ದೇ ಪ್ರೇರಣೆಯಂತೆ.

ಮೈಸೂರು ಶ್ರುತಿ:
ಇಷ್ಟೆಲ್ಲ ಮಾಡಿದವರ ಹೆಸರನ್ನು ರೆಕಾರ್ಡಿನ ಮೇಲೆ ಯಾಕೆ ಹಾಕಲಿಲ್ಲ? ನಮ್ಮಲ್ಲಿ ಹಳೇ ಸಿನಿಮಾ ಹಾಡುಗಳ ವಾದ್ಯಗಾರರ ಕಥೆಯೂ ಇದೇ. ಇನ್ನೊಂದು, ಇಷ್ಟು ಹೆಸರು ಬಂತು, ಒಬ್ಬಳು ಹೆಂಗಸೂ ಇಲ್ವಾ?

ರೇಡಿಯೋ ರಾಯರು:
ಆಗಿನ ಪದ್ಧತಿಯೇ ಹಾಗೆ. ಪ್ಲೇಟಿನ ಲೇಬಲ್ ಮೇಲೆ ಹಾಡುಗಾರರು, ಬರೆದವರು, ಕಂಪನಿ. ಉಳಿದವರು ದುಡ್ಡು ತೆಗೆದುಕೊಂಡು ಹೋದ ಕೆಲಸಗಾರರು. ನ್ಯಾಶ್‌ವಿಲ್‌ನಲ್ಲಿ ಒಂದು ಸೆಷನ್ ಅಂದರೆ ಮೂರು ಗಂಟೆ. ಅಷ್ಟರಲ್ಲಿ ಮೂರೋ ನಾಲ್ಕೋ ಹಾಡು ಮುಗಿಯಬೇಕು. ಮುಂಚೆ ಬರೆದ ನೋಟೇಶನ್ ಇಲ್ಲ. ಹಾಡನ್ನು ಒಂದೆರಡು ಸಲ ಕೇಳುವುದು, ಸ್ವರಗುಚ್ಛಗಳನ್ನು 1, 4, 5 ಅಂತ ನಂಬರ್ ಹಾಕಿಕೊಳ್ಳುವುದು, ನುಡಿಸುವುದು. ಸುಮಾ ಅವರಿಗೆ ಪ್ರಾಣ ಹಿಂಡಿದ ಆ ಸಾಲುಗಳೆಲ್ಲ ಹೀಗೆ ಸ್ಥಳದಲ್ಲೇ ಹುಟ್ಟಿದವು.

ಇನ್ನೊಂದು ಎಚ್ಚರಿಕೆ. ಹಳೇ ಟೀವಿ ಕ್ಲಿಪ್ ನೋಡಿ ‘ಓ, ರೆಕಾರ್ಡಿನಲ್ಲೂ ಇವರೇ’ ಅಂದುಕೊಳ್ಳಬೇಡಿ. ನ್ಯಾಶ್‌ವಿಲ್‌ನಲ್ಲಿ ಊರೂರು ತಿರುಗುವ ತಂಡ ಬೇರೆ, ಸ್ಟುಡಿಯೋದಲ್ಲಿ ಕೂರುವವರು ಬೇರೆ. ಬಕ್ ಓವನ್ಸ್ ಥರ ತಮ್ಮ ತಂಡವನ್ನೇ ಸ್ಟುಡಿಯೋಗೆ ಕರೆದೊಯ್ಯುತ್ತಿದ್ದವರು ಅಪರೂಪ. ಅವರ ರೆಕಾರ್ಡುಗಳು ಬೇರೆ ಥರ ಕೇಳಿಸುವುದಕ್ಕೆ ಅದೂ ಒಂದು ಕಾರಣ.

ಈಗ ಹೆಸರು ಗೊತ್ತಾಗಿರುವುದು ಸಂಗೀತಗಾರರ ಯೂನಿಯನ್‌ನ ಸೆಷನ್ ಹಾಳೆಗಳಿಂದ. ಯಾರು ಬಂದರು, ಯಾವ ದಿನ, ಎಷ್ಟು ಕೂಲಿ ಅಂತ ಅದರಲ್ಲಿ ಬರೆದಿರುತ್ತಿತ್ತು. ಜರ್ಮನಿಯ ಬೇರ್ ಫ್ಯಾಮಿಲಿ ಅನ್ನುವ ಕಂಪನಿ ಹಳೇ ಹಾಡುಗಳ ದೊಡ್ಡ ದೊಡ್ಡ ಪೆಟ್ಟಿಗೆಗಳನ್ನು ತರುತ್ತಲ್ಲ, ಅದರೊಳಗಿನ ಪುಸ್ತಕದಲ್ಲಿ ಎಲ್ಲ ಹೆಸರೂ ಅಚ್ಚಾಗಿರುತ್ತವೆ. ಬೆಲೆ ಕೇಳಬೇಡಿ.

ಹೆಂಗಸರು ಇದ್ದರು. ಕ್ಯಾಲಿಫೋರ್ನಿಯಾದ ‘ಟೌನ್ ಹಾಲ್ ಪಾರ್ಟಿ’ ಟೀವಿ ಕಾರ್ಯಕ್ರಮದಲ್ಲಿ 1950ರ ದಶಕದಲ್ಲಿ ಮೇರಿಯನ್ ಹಾಲ್ ಸ್ಟೀಲ್ ನುಡಿಸುತ್ತಿದ್ದರು. ಬಾರ್ಬರಾ ಮ್ಯಾಂಡ್ರೆಲ್ ಹಾಡುಗಾರ್ತಿ ಅಂತ ಹೆಸರಾಗುವ ಎಷ್ಟೋ ಮುಂಚೆ, ಪುಟ್ಟ ಹುಡುಗಿಯಾಗಿದ್ದಾಗಲೇ ವೇದಿಕೆ ಮೇಲೆ ಸ್ಟೀಲ್ ನುಡಿಸಿದವರು. ಆದರೆ ಸ್ಟುಡಿಯೋ ಕುರ್ಚಿ ಗಂಡಸರ ಕೈಲೇ ಇತ್ತು. ಅದು ಆ ಊರಿನ ದೋಷ, ಅವರ ಕೈಯ ದೋಷ ಅಲ್ಲ.

ಆಸ್ಟಿನ್ ಅಮೋಘ:
ಒಂದು ಕಾಲದಲ್ಲಿ ಈ ವಾದ್ಯಕ್ಕೇ ಕುತ್ತು ಬಂದಿತ್ತು. 1950ರ ದಶಕದ ಕೊನೆಯಲ್ಲಿ ರಾಕ್ ಆಂಡ್ ರೋಲ್ ಹೊಡೆತಕ್ಕೆ ಹೆದರಿ ಚೆಟ್ ಆಟ್ಕಿನ್ಸ್, ಓವನ್ ಬ್ರ್ಯಾಡ್ಲಿ ಥರದ ನಿರ್ಮಾಪಕರೆಲ್ಲ ಸ್ಟೀಲು, ಪಿಟೀಲು ಹಿಂದಕ್ಕೆ ತಳ್ಳಿ ಆರ್ಕೆಸ್ಟ್ರಾ ಥರದ ತಂತಿವಾದ್ಯಗಳ ಮೇಳ, ಹಿಮ್ಮೇಳದ ಕೋರಸ್ ತಂದರು. ಪ್ಯಾಟ್ಸಿ ಕ್ಲೈನ್ ಅವರ ಮೊದಲಿನ, ಆಮೇಲಿನ ಹಾಡು ಹೋಲಿಸಿ ಕೇಳಿದರೆ ಗೊತ್ತಾಗುತ್ತೆ.

ಅಂಥ ಹೊತ್ತಲ್ಲಿ 1964ರಲ್ಲಿ ಕಾನಿ ಸ್ಮಿತ್ ಅವರ ‘ಒನ್ಸ್ ಎ ಡೇ’ ಬಂತು. ಅವರ ಮೊದಲ ಹಾಡು, ಎಂಟು ವಾರ ಒಂದನೇ ಸ್ಥಾನ. ವೆಲ್ಡನ್ ಮೈರಿಕ್ ಅವರ ಸ್ಟೀಲ್ ಅದರಲ್ಲಿ ಹಿಂದೆ ಇಲ್ಲ, ಹಾಡುಗಾರ್ತಿಯ ಭುಜಕ್ಕೆ ಭುಜ ತಾಗಿಸಿ ನಿಂತಿದೆ. ಮೇಲಿನ ತಂತಿಗಳ ಹೊಳಪು, ಒಂದಿಷ್ಟೂ ನಾಚಿಕೆ ಇಲ್ಲದೆ. ಅಲ್ಲಿಂದಾಚೆ ಸ್ಟೀಲ್ ಮತ್ತೆ ಮುಂದಕ್ಕೆ ಬಂತು ಅಂತ ನನ್ನ ಅಭಿಪ್ರಾಯ.

ಪೀಟ್ ಡ್ರೇಕ್ ಅವರನ್ನೂ ಮರೆಯಬೇಡಿ. ಟ್ಯಾಮಿ ವೈನೆಟ್ ಅವರ ‘ಸ್ಟ್ಯಾಂಡ್ ಬೈ ಯುವರ್ ಮ್ಯಾನ್’, 1968. ಜಾರ್ಜ್ ಜೋನ್ಸ್ ಅವರ ‘ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ’, 1980. ನಡುವೆ ಬಾಬ್ ಡಿಲನ್, 1970ರಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್. ಸ್ಟೀಲ್‌ನ ಸದ್ದನ್ನು ಕೊಳವೆಯಲ್ಲಿ ಬಾಯಿಗೆ ಹರಿಸಿ, ತುಟಿ ಆಡಿಸಿ ಗಿಟಾರ್‌ನಿಂದ ಮಾತಾಡಿಸುತ್ತಿದ್ದರು ಡ್ರೇಕ್. ‘ಫಾರೆವರ್’ ಅಂತ 1964ರದ್ದು ಇದೆ, ಕೇಳಿ. ಸ್ವಲ್ಪ ದೆವ್ವ ಬಂದ ಹಾಗಿರುತ್ತೆ. ಹ್ಯಾರಿಸನ್ ಅವರ ಸೆಷನ್‌ನಲ್ಲಿ ಇದನ್ನು ನೋಡಿದ ಪೀಟರ್ ಫ್ರ್ಯಾಂಪ್ಟನ್ ಆಮೇಲೆ ಇದೇ ತಂತ್ರದಿಂದ ಹೆಸರು ಮಾಡಿದರು.

ಹುಬ್ಬಳ್ಳಿ ಹೈದ:
ಲಾಯ್ಡ್ ಗ್ರೀನ್? ಬರ್ಡ್ಸ್ ಅನ್ನೋ ರಾಕ್ ತಂಡದ ‘ಯೂ ಏಂಟ್ ಗೋಯಿಂಗ್ ನೋವೇರ್’ ಶುರುವಿಗೆ ಬರುತ್ತಲ್ಲ, ಅದು ಅವರದೇ ತಾನೇ?

ಆಸ್ಟಿನ್ ಅಮೋಘ:
ಹೌದು, 1968. ಎಲ್ಲೆಲ್ಲಿ ನುಡಿಸಲಿ ಅಂತ ಗ್ರೀನ್ ಕೇಳಿದರೆ, ಎಲ್ಲ ಕಡೆ ನುಡಿಸಿ ಅಂದರಂತೆ ರಾಕ್ ಹುಡುಗರು. ನ್ಯಾಶ್‌ವಿಲ್‌ನಲ್ಲಿ ಜಾಗ ನೋಡಿ ನೋಡಿ ನುಡಿಸಿದ್ದವರಿಗೆ ಹಬ್ಬ!

ಸುಮಾ ಬಸವನಗುಡಿ:
ಎಲ್ಲರಿಗೂ ಥ್ಯಾಂಕ್ಸ್. ಕೊನೆಯದಾಗಿ ಎರಡು ಪ್ರಶ್ನೆ. ಲೆಫ್ಟಿ ಫ್ರಿಝೆಲ್ ಅವರ ‘ಲಾಂಗ್ ಬ್ಲ್ಯಾಕ್ ವೇಲ್’ನಲ್ಲಿ ನುಡಿಸಿರುವುದು ಯಾರು? ಮತ್ತೆ ನಮ್ಮ ಕಡೆ ಇದನ್ನು ಕಲಿಯುವುದಕ್ಕೆ ಸಾಧ್ಯವಾ?

ರೇಡಿಯೋ ರಾಯರು:
‘ಲಾಂಗ್ ಬ್ಲ್ಯಾಕ್ ವೇಲ್’ 1959. ಮತ್ತೆ ಹೆಲ್ಮ್ಸೇ. 1965ರಲ್ಲಿ ಲೊರೆಟ್ಟಾ ಲಿನ್ ಅವರ ‘ಬ್ಲೂ ಕೆಂಟಕಿ ಗರ್ಲ್’ ಕೂಡ. ಎಲ್ಲರೂ ಪೆಡಲ್ ಒತ್ತುತ್ತಿದ್ದ ಕಾಲದಲ್ಲಿ ಅದೇ ಹಳೇ ಕನ್ಸೋಲ್, ಅದೇ ಚೂಪು. ಹುಬ್ಬಳ್ಳಿ ತಮ್ಮನ ಗಮನಕ್ಕೆ.

ಹುಬ್ಬಳ್ಳಿ ಹೈದ:
ನೋಡಿದೆ ರಾಯರೇ. ನನ್ನ ಮತ ಎಮ್ಮನ್ಸ್‌ಗೇ.

ತಂತಿ ತಿಮ್ಮಯ್ಯ:
ಸುಮಾ ಅವರೇ, ಕಲಿಯಬಹುದು. ನಮ್ಮ ದೇಶಕ್ಕೆ ಹವಾಯಿಯನ್ ಗಿಟಾರ್ ಹೊಸದೇನಲ್ಲ. ಹವಾಯಿ ಶೈಲಿಯ ಟಾವ್ ಮೋ ಕುಟುಂಬ 1940ರ ದಶಕದಲ್ಲಿ ಕೋಲ್ಕತ್ತಾದಲ್ಲಿ ಕೆಲವು ವರ್ಷ ಇತ್ತು. ಆ ಊರಲ್ಲಿ ಅದು ಮನೆಮನೆ ವಾದ್ಯವಾಯಿತು. ರೇಡಿಯೋದಲ್ಲಿ ಸುನಿಲ್ ಗಂಗೂಲಿ, ವ್ಯಾನ್ ಶಿಪ್ಲಿ ನುಡಿಸಿದ ಸಿನಿಮಾ ಧಾಟಿಗಳನ್ನು ನಮ್ಮ ಹಿರಿಯರೆಲ್ಲ ಕೇಳಿದ್ದಾರೆ. ಬೆಂಗಳೂರಿನಲ್ಲೇ ಪ್ರಕಾಶ್ ಸೊಂಟಕ್ಕೆ ಅವರು ಹಿಂದೂಸ್ತಾನಿ ಸ್ಲೈಡ್ ಗಿಟಾರ್ ನುಡಿಸುತ್ತಾರೆ. ಕಂಟ್ರಿ ಅಲ್ಲ, ಆದರೆ ಬಾರ್ ಹಿಡಿಯುವ ಕೈ ಅದೇ.

ಶುರುವಿಗೆ ಪೆಡಲ್ ಸ್ಟೀಲ್ ತರಿಸಲು ಹೋಗಬೇಡಿ. ತೂಕ, ಬೆಲೆ, ಸಾಗಾಟ, ಮೂರೂ ತಲೆನೋವು. ಮನೆಯಲ್ಲಿ ಬಿದ್ದಿರುವ ಮಾಮೂಲಿ ಅಕೌಸ್ಟಿಕ್ ಗಿಟಾರ್ ಸಾಕು. ತಂತಿಗಳನ್ನು ಎತ್ತರಿಸುವ ಎಕ್ಸ್‌ಟೆನ್ಶನ್ ನಟ್ ಅಂತ ಒಂದು ಪುಟ್ಟ ಲೋಹದ ತುಂಡು ಸಿಗುತ್ತೆ. ಅದನ್ನು ಈಗಿರುವ ನಟ್, ಅಂದರೆ ಗಿಟಾರ್ ತಲೆಯ ಬಳಿ ತಂತಿಗಳು ಕೂರುವ ಪಟ್ಟಿ, ಅದರ ಮೇಲೆ ಕೂರಿಸಿದರೆ ಆಯಿತು, ಬಾರ್ ಕೆಳಗಿನ ಮೆಟ್ಟಿಲುಗಳಿಗೆ ತಾಗಲ್ಲ. ಸಿ6 ಶ್ರುತಿ ಕಟ್ಟಿ, ದಪ್ಪ ತಂತಿಯಿಂದ ತೆಳುವಿಗೆ ಸಿ, ಇ, ಜಿ, ಎ, ಸಿ, ಇ. ಬರ್ಡ್ ಅವರ ಪ್ರಿಯ ಶ್ರುತಿ ಇದು. ದಪ್ಪ ತಂತಿ ಇ ಇಂದ ಸಿಗೆ ಇಳಿದಾಗ ಜೋಲು ಬೀಳುತ್ತೆ. ದಪ್ಪದ ಕಡೆಯಿಂದ ಎಣಿಸಿ, ಎರಡನೆಯದನ್ನು ಎ ಇಂದ ಇಗೆ ಇಳಿಸಬೇಕು, ಮೂರನೆಯದನ್ನು ಡಿ ಇಂದ ಜಿಗೆ ಏರಿಸಬೇಕು, ನಾಲ್ಕನೆಯದನ್ನು ಜಿ ಇಂದ ಎಗೆ, ಐದನೆಯದನ್ನು ಬಿ ಇಂದ ಸಿಗೆ. ಮಾಮೂಲಿ ತಂತಿ ಆದರೆ ಕಿತ್ತುಕೊಳ್ಳಬಹುದು, ಈ ಶ್ರುತಿಗೆ ಹೊಂದುವ ಹೊಸ ತಂತಿ ಹಾಕಿಕೊಂಡೇ ಶುರು ಮಾಡಿ. ಬಾರ್‌ನ ಹಿಂದೆ ಉಳಿದ ಬೆರಳುಗಳನ್ನು ತಂತಿ ಮೇಲೆ ಹಗುರವಾಗಿ ಇಟ್ಟಿರಿ, ಇಲ್ಲದಿದ್ದರೆ ಗುಂಯ್ ಅನ್ನುತ್ತೆ.

ಸುಮಾ ಬಸವನಗುಡಿ:
ತಮ್ಮನ ಗಿಟಾರ್ ಅಟ್ಟದ ಮೇಲಿದೆ. ಅವನನ್ನು ಕೇಳದೆ ಇಳಿಸುತ್ತಿದ್ದೇನೆ. ಬಾರ್ ಎಷ್ಟು ತೂಕದ್ದು ತಗೊಳ್ಳಲಿ?

ತಂತಿ ತಿಮ್ಮಯ್ಯ:
ಕೈ ಚಿಕ್ಕದಾದರೆ ಮೇಲ್ಗಡೆ ಹಿಡಿಯಲು ತೋಡು ಇರುವ ಸ್ಟೀವನ್ಸ್ ಬಾರ್ ತಗೊಳ್ಳಿ. ಗುಂಡನೆಯದು ಆಮೇಲೆ. ತೀರಾ ಹಗುರದ್ದು ಬೇಡ, ತಂತಿ ಕಿರುಗುಟ್ಟುತ್ತೆ.